ನಲ್ಲಿ ಬರುವ ಹೊತ್ತು

ಐದೂವರೆಗೆ ಗಂಟೆ ಬಾರಿಸಬೇಕಾದ ಇನ್ಯಾಸಪ್ಪ
ಈ ವಾರವಿಡೀ ತೊಗರಿ ಕಾಯುತ್ತ ಹೊಲದಲ್ಲೇ ಮಲಗುತ್ತಾನೆ.
ಮಫ್ಲರ್ ಸುತ್ತಿಕೊಂಡು ಹಗ್ಗ ನಾನೇ ಎಳೆಯುತ್ತೇನೆ.
ಪೂಜೆಗೆ ಏಳು ಜನ. ಇಬ್ಬರು ತೂಕಡಿಕೆಯಲ್ಲಿ.
ಒಬ್ಬಳು ಒಲೆಯ ಮೇಲೆ ಬೇಳೆ ಇಟ್ಟು ಬಂದವಳು,
ಆಶೀರ್ವಾದಕ್ಕೆ ಕೈ ಎತ್ತುವ ಮೊದಲೇ ಬಾಗಿಲಲ್ಲಿರುತ್ತಾಳೆ.
ನೇರಳೆ ಪೂಜಾವಸ್ತ್ರದ ಭುಜಕ್ಕೆ ಇಲಿ ಕಡಿದ ತೂತು.

ನೇರಳೆ, ಕಾಯುವವರ ಬಣ್ಣ.
ಮುದಗಲ್ಲಿನಲ್ಲಿ ನಾವು ಕಾಯುವುದು ನಲ್ಲಿಯನ್ನು.
ಎಂಟು ದಿನಕ್ಕೊಮ್ಮೆ, ಯಾವ ಹೊತ್ತಿಗೆಂದು ಹೇಳಬರುವುದಿಲ್ಲ.
ಹೋದ ಸಲ ಸುವಾರ್ತೆ ಓದುತ್ತಿದ್ದೆ,
ಎಚ್ಚರವಾಗಿರಬೇಕೆಂಬ ಭಾಗ,
ಹಿತ್ತಿಲ ಕೊಳಾಯಿ ಸುಯ್ಯೆಂದು ಗಾಳಿ ಬಿಟ್ಟಿತು.
ಸಭೆಯಲ್ಲಿ ಅರ್ಧ ಜನ ಕೊಡ ನೆನೆದು ಮಿಸುಕಾಡಿದರು.
ನಾನೂ ಮುಂದಿನ ಸಾಲು ಎರಡು ಬಾರಿ ಓದಿದೆ.

ಬೀಜಗೊಬ್ಬರದ ಅಂಗಡಿಯ ಕ್ಯಾಲೆಂಡರಿನ ಹಿಂದೆ ಬರೆದುಕೊಂಡದ್ದು:
ನಕ್ಷತ್ರಕ್ಕೆ ಬಿದಿರು.
ಜನರೇಟರಿಗೆ ಡೀಸೆಲ್, ಹೋದ ವರ್ಷದ ಬಾಕಿ ಸಹಿತ.
ಬಾಲಯೇಸುವಿನ ಕಿರುಬೆರಳಿಗೆ ಫೆವಿಕಾಲ್.
ನಾಟಕದಲ್ಲಿ ಮರಿಯಳಾಗುವುದು ಯಾರು
(ಇಬ್ಬರು ತಾಯಂದಿರು ಮಾತು ಬಿಟ್ಟು ಹತ್ತು ದಿನ).
ಗುಲಾಬಿ ಮೇಣದಬತ್ತಿ, ಒಂದು.

ಗುಲಾಬಿ ಊರಲ್ಲೆಲ್ಲೂ ಸಿಗಲಿಲ್ಲ.
ಸ್ಟೇಷನರಿ ಅಂಗಡಿಯ ಖಾಜಾಹುಸೇನ ಹುಡುಕಿ ಹುಡುಕಿ
ಹುಟ್ಟುಹಬ್ಬದ ಕೇಕಿನದೊಂದು ಕೊಟ್ಟ,
ಮೂರು ಎಂಬ ಅಂಕಿಯ ಆಕಾರದ್ದು.
"ಮೂರನೇ ಐತವಾರಕ್ಕಂದ್ರಲ್ರಿ ಫಾದರ್ರೇ, ಬರೋಬ್ಬರಿ ಆತು."
ಬರೋಬ್ಬರಿಯೇ ಆಯಿತು.
ಮೂರು ನಿಮಿಷ ಉರಿಯಿತು.

ಗೋದಲಿಯನ್ನು ಹುಡುಗರು ಕಟ್ಟಿದರು.
ಗೋಣಿತಟ್ಟಿನ ಗುಡ್ಡ, ಕನ್ನಡಿಚೂರಿನ ಕೆರೆ,
ಗುಡ್ಡದ ಮೇಲೆ ಹತ್ತಿ ಹಿಂಜಿ ಹಿಮ.
ಕಸ ಗುಡಿಸಲು ಬಂದ ತೆರೇಜಮ್ಮ ಪೊರಕೆ ಹಿಡಿದು ನಿಂತಳು.
ಎರಡು ತಿಂಗಳಿಂದ ಗೌಡರ ಹೊಲದಲ್ಲಿ ಹತ್ತಿ ಬಿಡಿಸುವವಳು,
ಕಾಯಿಯ ಮೊನೆಗೆ ಉಗುರಿನ ಸುತ್ತ ಸೀಳಿ,
ಬೆರಳುಗಳಿಗೆ ಹಳೇ ಸೀರೆಯ ಅಂಚು ಕಟ್ಟಿಕೊಂಡವಳು.
"ಏನ್ರಿ ಇದು?"
ಹಿಮ ಎಂದೆ. ಮೇಲಿಂದ ಬೀಳುತ್ತದೆ ಎಂದೆ.
"ಕೂಸು ಹುಟ್ಟಿದ ಊರಾಗ ಬೀಳತಿತ್ತೇನ್ರಿ?"
ಗೊತ್ತಿಲ್ಲ ಎಂದೆ. ನಾನೂ ನೋಡಿದವನಲ್ಲ.
"ಇದು ಮ್ಯಾಲಿಂದ ಬಿದ್ದದ್ದಲ್ರಿ," ಎಂದಳು,
"ಬಗ್ಗಿ ಬಗ್ಗಿ ಕಿತ್ತದ್ದು."
ಗುಡಿಸಿ ಹೋದಳು.

ಊರಿನ ಪಾಪ ಕೇಳಿ ಕೇಳಿ
ನನ್ನದನ್ನು ಹೇಳಿಕೊಳ್ಳಲು ರಾಯಚೂರಿನ ಬಸ್ಸು ಹತ್ತಿದೆ.
ಅಲ್ಲಿನ ಹಿರಿಯ ಗುರುಗಳಿಗೆ ಎಂಬತ್ತೆರಡು, ಕಿವಿ ಮಂದ.
ಪಿಸುಮಾತಿನ ಪಾಪವೆಲ್ಲ ಕೂಗಿ ಹೇಳಬೇಕು.
ಸಂಜೆಯ ಪ್ರಾರ್ಥನೆ ತಪ್ಪಿಸಿದೆ! ಎಂದೆ.
"ಹಾಂ?"
ಸಿಟ್ಟು! ಇಬ್ಬರು ತಾಯಂದಿರ ಮೇಲೆ!
ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು.
ಮತ್ತೆ, ಹತ್ತಿ...
"ಏನು ಕತ್ತಿ?"
ಹತ್ತಿ, ಗುರುಗಳೇ, ಹತ್ತಿ!
ಬಹಳ ಹೊತ್ತು ನನ್ನ ಕಣ್ಣಿನ ಕೆಳಗಿನ ಕಪ್ಪನ್ನೇ ನೋಡಿದರು.
ಪ್ರಾಯಶ್ಚಿತ್ತ: ಒಂದು ರಾತ್ರಿ, ಎಂಟು ತಾಸು ನಿದ್ದೆ.

ಇಪ್ಪತ್ತಮೂರರ ರಾತ್ರಿ ಅದಕ್ಕೆಂದೇ ಮೀಸಲಿಟ್ಟೆ.
ಹಾರ್ಮೋನಿಯಂ ಮುಚ್ಚಿಸಿ ಹಾಡುವವರನ್ನು ಮನೆಗೆ ಕಳಿಸಿದೆ.
ಗೋದಲಿಯ ಗುಡ್ಡದಿಂದ ಹತ್ತಿಯನ್ನೆಲ್ಲ ತೆಗೆದು
ಜೋಳದ ದಂಟಿನ ಕೆಳಗೆ, ಹಾಸಿಗೆಯ ಜಾಗದಲ್ಲಿ ತುಂಬಿದೆ.
ಬರಿಯ ಗೋಣಿತಟ್ಟು ನಮ್ಮ ಕೋಟೆಯ ಗುಡ್ಡದ ಹಾಗೆ ಕಂಡಿತು.
ಒಂಬತ್ತಕ್ಕೆ ದೀಪ ಆರಿಸಿದೆ.

ಒಂದೂಕಾಲಿಗೆ ಕಿಟಕಿ ದಡದಡ:
"ಫಾದರ್ರೇ, ನೀರು ಬಂತ್ರಿ!"

ಓಣಿಗೆ ಓಣಿಯೇ ಎದ್ದಿತ್ತು.
ಸ್ವೆಟರಿನ ಗಂಡಸರು, ನಿದ್ದೆಗಣ್ಣಿನ ಮಕ್ಕಳು,
ಮಾತು ಬಿಟ್ಟ ಇಬ್ಬರು ತಾಯಂದಿರು ಒಂದೇ ಪೈಪಿನ ಎರಡು ತುದಿ ಹಿಡಿದು.
ಖಾಜಾಹುಸೇನ ಡ್ರಮ್ಮು ಉರುಳಿಸುತ್ತಿದ್ದ.
ನಾನು ಲುಂಗಿ ಎತ್ತಿಕಟ್ಟಿ ಎರಡು ಬಕೆಟ್ಟು ಹಿಡಿದು
ಸರತಿಯ ಕೊನೆಗೆ ನಿಂತೆ.
ತೆರೇಜಮ್ಮ ತನ್ನ ಬಿಂದಿಗೆ ಪಕ್ಕಕ್ಕೆ ಸರಿಸಿದಳು.
"ನಿಮ್ಮದು ಮೊದಲ ಹಚ್ಚರಿ. ನಾಳೆ ಕೆಲಸ ಭಾಳ ಐತಿ."
ಬೇಡವೆಂದೆ. ಹಚ್ಚಿಯೇ ಬಿಟ್ಟಳು.
ನೀರು ಬಿದ್ದು ಬೆರಳಿನ ಬಟ್ಟೆ ತೊಯ್ದಿತು.

ಇನ್ನೂ ಹೊತ್ತಿಸದ ನಕ್ಷತ್ರ ಬೇವಿನ ಕೊಂಬೆಯಲ್ಲಿ
ಗಾಳಿಗೆ ಪರಪರ ಎನ್ನುತ್ತಿತ್ತು.
ಪ್ರಾಯಶ್ಚಿತ್ತದ್ದು ಇನ್ನೂ ನಾಲ್ಕು ತಾಸು ಬಾಕಿ.